ಖಾಲಿ ತೊಟ್ಟಿಲಿಗೆ ಒಂದು ಜೋಗುಳ

ಔರಾದಿನಲ್ಲಿ ನಮ್ಮ ಸೋದರತ್ತೆ ಆತ್ಯಾನ ಮನೆಯಲ್ಲಿ ಗೋಡೆಗೆ ಬಿಳಿ ಚಾದರ ಕಟ್ಟಿ ನನ್ನ ಸಿನಿಮಾ ತೋರಿಸಿದ್ದೇ ತಪ್ಪಾಯಿತು. ಸಿನಿಮಾ ಅಂದರೆ ದೊಡ್ಡದೇನಲ್ಲ, ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರ ಕಿರುಚಿತ್ರ. ಭಾನುವಾರ ಬೀದರಿನಲ್ಲಿ ಅದರ ಪ್ರದರ್ಶನವಿತ್ತು. ಅದಕ್ಕೆ ಮೊದಲು ನಮ್ಮವರೇ ನಾಲ್ಕು ಮಂದಿ ನೋಡಲಿ, ತಪ್ಪಿದ್ದರೆ ಹೇಳಲಿ ಎಂಬ ಹುಚ್ಚು ನನಗೆ. ಹೇಳಿದರು ನೋಡಿ, ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಕಥೆ ಇಷ್ಟೆ. ಒಬ್ಬ ತಾಯಿಯ ಹಸುಗೂಸು ಬೀದರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಗಂಡ ಅಲ್ಲಿ ಕಾಯುತ್ತಿದ್ದಾನೆ, ಇವಳನ್ನು ಮನೆಗೆ ಕಳಿಸಿದ್ದಾರೆ. ಕೊನೆಯ ದೃಶ್ಯದಲ್ಲಿ ಅವಳು ಒಬ್ಬಳೇ ಕೂತು ಖಾಲಿ ತೊಟ್ಟಿಲು ತೂಗುತ್ತಾಳೆ. ಮಾತಿಲ್ಲ. ಆ ಒಂದು ದೃಶ್ಯಕ್ಕಾಗಿಯೇ ನಾನು ಇಡೀ ಸಿನಿಮಾ ಮಾಡಿದ್ದು. ತಾಯಿಯ ಪಾತ್ರ ನನ್ನ ವೈನಿ ಆಮ್ರಪಾಲಿಯದು. ಅಣ್ಣ ಕೈಲಾಶನನ್ನು ಮದುವೆಯಾದ ಮೇಲೆ ವೈನಿ. ಅದಕ್ಕೆ ಮೊದಲು ಭಾಲ್ಕಿಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು.

ಆ ದೃಶ್ಯಕ್ಕೆ ನೆಟ್ಟಿನಿಂದ ಇಳಿಸಿಕೊಂಡ ಪಿಟೀಲು ಹಾಕಿದ್ದೆ. ಅದು ಕುಂಯ್ ಎಂದು ಶುರುವಾಗಿದ್ದೇ ತಡ, ಹಿಂದೆ ಕೂತಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ನನ್ನ ಮೈ ಉರಿಯಿತು. ಅಷ್ಟರಲ್ಲಿ ಪಕ್ಕದ ಮನೆಯ ಕೌಸಲ್ಯಾಬಾಯಿ ಎದ್ದೇ ನಿಂತುಬಿಟ್ಟರು.

“ಯವ್ವಾ, ಖಾಲಿ ತೊಟ್ಟಲ ತೂಗಲತ್ತಾಳಲ್ರಿ! ನಿಲ್ಲಸ್ರಿ ಅದನ! ಖಾಲಿ ತೊಟ್ಟಲ ತೂಗಿದ್ರ ಕೂಸಿಗಿ ಛಲೋ ಅಲ್ಲ ಅಂತ ನಿಮಗ ಯಾರೂ ಹೇಳಿಲ್ಲೇನ್ರಿ?”

ಎಲ್ಲರ ಮುಖವೂ ಆಮ್ರಪಾಲಿಯ ಕಡೆ ತಿರುಗಿತು. ಚಾದರದ ಮೇಲಿನವಳ ಕಡೆಗಲ್ಲ, ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ ಏಳು ತಿಂಗಳ ಬಸುರಿಯ ಕಡೆಗೆ. ಅವಳು ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು.

ಎರಡು ವರ್ಷದ ಹಿಂದೆ ಅವಳಿಗೊಂದು ಕೂಸು ನಿಲ್ಲಲಿಲ್ಲ. ಆಗ ಮನೆಯಲ್ಲಿ ಆಸೆಪಟ್ಟು ಮೊದಲೇ ಕುಲಾವಿ ಹೊಲಿಸಿಟ್ಟಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆಯನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿತಪ್ಪಿ ಕೂಡ ಆಡಲಿಲ್ಲ. ಈ ಸಲವಂತೂ ಕೂಸಿನ ಮಾತೇ ಇಲ್ಲ. “ನಾ ಆತ್ಯಾ ಆಗ್ತೇನಿ” ಎಂದು ನಾನೊಮ್ಮೆ ಕುಣಿದಾಗ ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. “ಈಗೇ ಅನಬ್ಯಾಡ ಪ್ರಣಾಲಿ, ಕೈ ಮುಗಿತೇನಿ.” ನಮ್ಮಲ್ಲಿ ಅಪ್ಪನ ಅಕ್ಕತಂಗಿಯರು ಆತ್ಯಾ. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ನನ್ನ ಹೆಸರನ್ನು ನನ್ನ ಕಿವಿಗೆ ಊದಿದ್ದು ಇದೇ ಔರಾದಿನ ಶಾಲುಬಾಯಿ ಆತ್ಯಾ. ವೈನಿ ಬಾಯಿ ಮುಚ್ಚಿಸಿದ ದಿನದಿಂದ ನಾನು ಆ ಮಾತನ್ನೇ ನುಂಗಿಕೊಂಡಿದ್ದೆ.

ತೊಟ್ಟಿಲ ದೃಶ್ಯ ತೆಗೆದಾಗ ತಾನು ಬಸುರಿ ಎಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ ತೂಗುತ್ತಿದ್ದಳೇ!

ಭಾಲ್ಕಿಯ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ವೈನಿ ಅಂದಳು, “ಆ ಸೀನ್ ತಗದ್ ಹಾಕು.”

ಅಣ್ಣನಿಗೆ ಸಿಟ್ಟು ಬಂತು. ಅವನು ಸಾಲಿ ಮಾಸ್ತರ, ಮನೆಯಲ್ಲೂ ಮಾಸ್ತರನೇ. “ನಾವು ಬಾಬಾಸಾಹೇಬ್ರನ್ನ ಓದಿದವ್ರು. ಒಂದ್ ಕಟಿಗಿ ಆ ಕಡಿ ಈ ಕಡಿ ಆಡಿದ್ರ ಕೂಸಿಗೇನಾಗ್ತದ?”

“ಓದಿದ್ದು ತಲ್ಯಾಗ ಅದರಿ. ಅಂಜಿಕಿ ಹೊಟ್ಟ್ಯಾಗ ಅದ. ನನ್ನ ಹೊಟ್ಟಿ ಸಾಲಿಗಿ ಹೋಗಿಲ್ಲ.”

ನಾನೇನು ಮಾಡಲಿ? ಆ ದೃಶ್ಯ ತೆಗೆದರೆ ಸಿನಿಮಾ ಇಲ್ಲ. ಇಟ್ಟರೆ ವೈನಿಗೆ ನಿದ್ದೆ ಇಲ್ಲ. ನನಗೂ ಇಂಥದರಲ್ಲಿ ನಂಬಿಕೆಯಿಲ್ಲ, ಒಂದು ಎಳ್ಳುಕಾಳಷ್ಟೂ ಇಲ್ಲ. ಆದರೂ ಅವಳು ಸೊಂಟ ಹಿಡಿದು ನಿಂತಾಗಲೆಲ್ಲ ನಾನು ಕೈಯಲ್ಲಿನ ಕೆಲಸ ಬಿಟ್ಟು ಓಡುತ್ತಿದ್ದೆ. ನಂಬದವರಿಗೂ ಹೆದರಿಕೆಯೇನು ಕಡಿಮೆ ಇರುವುದಿಲ್ಲ.

ಶುಕ್ರವಾರ ಮುಂಜಾನೆ ಅವಳು ಅಡುಗೆಮನೆಯಲ್ಲಿ ಲಟ್ಟಣಿಗೆ ಕೆಳಗಿಟ್ಟಳು. “ಪ್ರಣಾಲಿ, ಕೂಸು ಹೊಳ್ಳಾಡವಲ್ದು.” ರಾತ್ರಿಯಿಂದ ಹೊಟ್ಟೆಯಲ್ಲಿ ಮಿಸುಕಾಟವೇ ಇಲ್ಲವಂತೆ. ಅಣ್ಣನ ಗಾಡಿಯಲ್ಲಿ ಡಾಕ್ಟರ್ ಬಾಯಿಯ ಹತ್ತಿರ ಓಡಿದೆವು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಅವರು ನಮಗೂ ಕೇಳಿಸಿದರು, ಡಬ್‌ಡಬ್ ಡಬ್‌ಡಬ್. ಕೂಸು ಮಲಗಿತ್ತಂತೆ. ಅಣ್ಣ ಗೆದ್ದವನ ಹಾಗೆ ಹೊರಗೆ ಬಂದ. ವೈನಿ ಹೋಗುವಾಗಿನ ಮುಖವನ್ನೇ ಹೊತ್ತು ಬಂದಳು.

“ಫೈಲ್ ಯಾವಾಗ ಕಳಸ್ತೀರಿ?” ಬೀದರಿನ ಅವಿನಾಶ ಫೋನು ಮಾಡಿದ. ಪ್ರದರ್ಶನದ ಏರ್ಪಾಟೆಲ್ಲ ಅವನದು. “ನಾಳಿ ಸಂಜಿಗಿ ಬರಲಿಲ್ಲಂದ್ರ ನಿಮ್ಮ ಹೆಸರು ತಗೀತೇನ್ರಿ ಮೇಡಂ, ಬೇಜಾರಾಗಬ್ಯಾಡ್ರಿ.”

ಲ್ಯಾಪ್‌ಟಾಪ್ ಮುಂದೆ ಕೂತು ಆ ದೃಶ್ಯಕ್ಕೆ ಏನೇನು ಹಾಕಿ ನೋಡಿದೆನೋ ದೇವರೇ ಬಲ್ಲ, ಅಣ್ಣ ಕ್ಷಮಿಸಲಿ. ಪಿಟೀಲು ಹಾಕಿದರೆ ಕೂಸು ಸತ್ತೇ ಹೋಗಿದೆ ಎಂದು ಡಂಗುರ ಸಾರುತ್ತದೆ. ಕೊಳಲು ಹಾಕಿದರೆ ಸಾಬೂನಿನ ಜಾಹೀರಾತು. ಏನೂ ಹಾಕದಿದ್ದರೆ ಒಬ್ಬ ಹೆಂಗಸು ಸುಮ್ಮನೆ ಕಟ್ಟಿಗೆ ನೂಕುತ್ತಿದ್ದಾಳೆ, ಅಷ್ಟೇ. ಸಂಜೆಯ ಹೊತ್ತಿಗೆ ನನಗೊಂದು ಹೊಳೆಯಿತು. ಕೌಸಲ್ಯಾಬಾಯಿ ಚೀರಿದ್ದರಲ್ಲಿ ನಿಜವಿತ್ತು. ನನ್ನ ದೃಶ್ಯದಲ್ಲಿ ಬರೀ ಖಾಲಿ ತೊಟ್ಟಿಲು ಕಾಣುತ್ತಿತ್ತು. ಕೂಸು ಬಂದೇ ಬರುತ್ತದೆ ಎಂದು ತೂಗುವ ಕೈ ಕಾಣುತ್ತಲೇ ಇರಲಿಲ್ಲ. ಆ ಕೈಯನ್ನು ಕಾಣಿಸಲು ಪಿಟೀಲಿನಿಂದಾಗದು, ಜೋಗುಳ ಬೇಕು. ಮತ್ತು ಜೋಗುಳವೆಂದರೆ ಆತ್ಯಾ. ಔರಾದಿನಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹಾಡಲು ಕರೆಯುವುದು ಅವರನ್ನೇ.

“ಒಂದೇ ಸಲ ನೋಡ್ತೇನಿ ವೈನಿ,” ಅಂದೆ. “ಆತ್ಯಾನ ಹಾಡಿನಿಂದನೂ ನಿನಗ ಅಂಜಿಕಿ ಹೋಗಲಿಲ್ಲಂದ್ರ ಸೀನ್ ತಗದ್ ಹಾಕ್ತೇನಿ.”

“ನಾನೂ ಬರ್ತೇನಿ,” ಅಂದಳು.

ಶನಿವಾರ ಮೊದಲ ಬಸ್ಸಿಗೆ ಹೋದೆವು. ಆತ್ಯಾ ನಮ್ಮ ಮಾತನ್ನೆಲ್ಲ ಕೇಳಿ ಎಲೆಯಡಿಕೆ ಬಾಯಿಗಿಟ್ಟುಕೊಂಡರು. ಹಾಡಿಗೆಂದು ನಾನು ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲು ನಡುಮನೆಯಲ್ಲಿತ್ತು. ಅದನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದರು.

“ಖಾಲಿ ತೊಟ್ಟಲಕ್ಕ ನಾ ಹಾಡಂಗಿಲ್ಲ.”

ಮುಗಿಯಿತು ಅಂದುಕೊಂಡೆ. ಆದರೆ ಅವರು ಎದ್ದು ಹಿತ್ತಲಿಗೆ ಹೋದರು. ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಒರೆಸಿ, ಹಳೇ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿ ತಂದು ತೊಟ್ಟಿಲಲ್ಲಿ ಮಲಗಿಸಿದರು. ಹೆಸರಿಡುವ ದಿನ ಮಾಡುವುದೂ ಇದೇ, ಮೊದಲು ಕಲ್ಲು, ಆಮೇಲೆ ಕೂಸು. ಇಷ್ಟು ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ, ಸಿನಿಮಾ ತೆಗೆಯುವಾಗ ನೆನಪಾಗಲಿಲ್ಲವಲ್ಲ!

“ನಮ್ಮ ಅಣ್ಣ ನಗ್ತಾನ,” ಅಂದೆ.

“ನಗಲಿ ಬಿಡು. ನಂಬಿಕಿ ಇಲ್ಲಂದ್ರ ನಂಬಬ್ಯಾಡ್ರಿ. ಹಾಡು ಅಂತೂ ಯಾರಿಗರ ಹಾಡಬೇಕಲ್ಲ? ಹೂಂ, ಈಗ ಹೇಳು, ನಿನ್ನ ಸಿನಿಮಾದಾಗಿನ ಕೂಸು ಎಲ್ಲದ?”

“ಬೀದರದಾಗ ಅದರಿ, ದವಾಖಾನ್ಯಾಗ.”

“ಅಯ್ಯ, ಹಂಗಾರ ಹಾದಿ ದೂರ ಅದ.”

ಅಷ್ಟರಲ್ಲಿ ಅಂಗಳದ ತುಂಬ ಹೆಂಗಸರು. ಮುಂದೆ ಕೌಸಲ್ಯಾಬಾಯಿ! ನನಗೆ ರೇಗಿತು. ರೆಕಾರ್ಡಿಂಗಿನಲ್ಲಿ ಒಂದು ಬಳೆ ಸದ್ದು ಬಂದರೂ ಕೆಟ್ಟಿತು. “ಯಾರೂ ಉಸಿರು ಸೈತ ಬಿಡಬ್ಯಾಡ್ರಿ! ಒಂದ್ ಅಕ್ಷರ ಮಾತಾಡಿದ್ರಿ ಅಂದ್ರ ನನ್ನಾಣಿ ಅದ ನಿಮಗ,” ಎಂದು ಎಲ್ಲರನ್ನೂ ಗದರಿಸಿ ಮೈಕ್ ಹಿಡಿದೆ. ಆತ್ಯಾ ಹಗ್ಗ ಹಿಡಿದರು. ಧಾಟಿ ಹಳೆಯದು, ಮಾತು ಅಲ್ಲೇ ಹುಟ್ಟಿದ್ದು.

ಬೀದರದ ಹಾದ್ಯಾಗ ಬಿಸಿಲು ಬಾಳ ಕಂದಾ

ಅಲ್ಲಿಗೆ ನಿಲ್ಲಿಸಿ ಸುತ್ತ ನೋಡಿದರು. ಒಂದು ಗಳಿಗೆ ಕಾದರು. ಮತ್ತೆ ಎತ್ತಿಕೊಂಡರು.

ಬೇವಿನ ನೆಳ್ಳಾಗ ನಿಂತು ಬಾ ಕಂದಾ

ಮತ್ತೆ ನಿಲ್ಲಿಸಿದರು. ಪ್ರತಿ ಸಾಲಿಗೂ ಹೀಗೆಯೇ. ವಯಸ್ಸಾಯಿತು, ದಮ್ಮು ಸಾಲದು ಎಂದುಕೊಂಡೆ. ಹೆಂಗಸರು ಸೆರಗು ಬಾಯಿಗೆ ಒತ್ತಿ ಕೂತಿದ್ದರು. ವೈನಿಯ ಕಣ್ಣು ಸೀರೆ ಸುತ್ತಿದ ಕಲ್ಲಿನ ಮೇಲಿತ್ತು.

ಭಾಲ್ಕಿಗೆ ಬಂದು ಹಾಡನ್ನು ದೃಶ್ಯಕ್ಕೆ ಕೂಡಿಸಿ ನೋಡಿದೆ. ಅದೇ ವೈನಿ, ಅದೇ ತೊಟ್ಟಿಲು, ಆದರೆ ದೃಶ್ಯ ಬೇರೆಯಾಗಿತ್ತು. ಅವಳು ಈಗ ಯಾರನ್ನೋ ಕರೆಯುತ್ತಿದ್ದಳು, ಕೂಸು ಬೀದರಿನಿಂದ ಹೊರಟೇಬಿಟ್ಟಿದೆ ಅನ್ನಿಸುತ್ತಿತ್ತು. ಆದರೆ ಪ್ರತಿ ಸಾಲಿನ ಕೊನೆಗೂ ಒಂದು ಮೌನದ ಹಳ್ಳ. ಆ ಹಳ್ಳ ಬಂದಾಗಲೆಲ್ಲ ತೊಟ್ಟಿಲು ಮತ್ತೆ ಖಾಲಿ. ಆಗ ತಲೆಗೆ ಹೊಳೆಯಿತು, ಹಣೆ ಚಚ್ಚಿಕೊಂಡೆ. ತೊಟ್ಟಿಲ ಹಾಡನ್ನು ಒಬ್ಬರೇ ಎಲ್ಲಿ ಹಾಡುತ್ತಾರೆ? ಒಬ್ಬಾಕೆ ಸಾಲು ಹೇಳಿದರೆ ಸುತ್ತಲಿನವರೆಲ್ಲ ‘ಜೋ ಜೋ’ ಅನ್ನಬೇಕು. ಅನ್ನಲು ಬಂದು ಕೂತವರ ಬಾಯಿ ಮುಚ್ಚಿಸಿದ ಶಾಣ್ಯಾಕಿ ನಾನೇ! ಮತ್ತೆ ಔರಾದಿಗೆ ಹೋಗಲು ಹೊತ್ತಿರಲಿಲ್ಲ. ಖಾಲಿ ಜಾಗಗಳನ್ನು ಕತ್ತರಿಸಲು ಶುರುಮಾಡಿದೆ.

“ಕತ್ತರಿ ಹಾಕಬ್ಯಾಡ.” ವೈನಿ ಹಿಂದೆ ನಿಂತಿದ್ದಳು.

“ಅಲ್ಲೇನೂ ಇಲ್ಲಲ್ಲ ವೈನಿ.”

“ಇರ್ಲಿ. ಯಾರರ ಅಂತಾರೇನೋ ಅಂತ ಆತ್ಯಾ ಕಾಯಲತ್ತಾರ. ಆಕಿನೂ ಕಾಯಲತ್ತಾಳ.” ಪರದೆಯ ಮೇಲಿನ ತನ್ನನ್ನೇ ತೋರಿಸಿದಳು. ಆಮೇಲೆ ನನ್ನ ಕೈ ಹಿಡಿದು ಅಂದಳು, “ಕಳಸು. ಆದ್ರ ನಾ ಹಾಲಿನ್ಯಾಗ ಕೂಡ್ತೇನಿ. ಒಬ್ಬಾಕಿ ‘ನಿಲ್ಲಸ್ರಿ’ ಅಂದ್ರೂ ನೀ ಎದ್ದು ಬಂದ್ ಮಾಡಸಬೇಕು. ಆ ಮಾತು ಇನ್ನೊಮ್ಮಿ ಕೇಳೋ ತಾಕತ್ತು ನನಗಿಲ್ಲ.”

ಮಾತು ಕೊಟ್ಟೆ. ಫೈಲ್ ಕಳಿಸಿದೆ.

ಭಾನುವಾರ ಮಧ್ಯಾಹ್ನ ಬೀದರಿನ ಸಭಾಂಗಣ ತುಂಬಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಬಗದಲ್‌ನಿಂದ ಬಂದ ಮಹಿಳಾ ಸಂಘದವರು, ಎಲ್ಲ ತಾಯಂದಿರು, ಅಜ್ಜಿಯರು. ಅವರಲ್ಲಿ ಎಷ್ಟು ಮಂದಿ ಕೌಸಲ್ಯಾಬಾಯಿಯರೋ! ಬಂದ್ ಮಾಡಿಸಬೇಕಾದರೆ ಒಂದೇ ರಿಂಗ್ ಕೊಡುತ್ತೇನೆ ಎಂದು ಅವಿನಾಶನಿಗೆ ಹೇಳಿಟ್ಟಿದ್ದೆ. ಅವನು ನನ್ನನ್ನು ಅರೆಹುಚ್ಚಿಯನ್ನು ನೋಡುವಂತೆ ನೋಡಿದ್ದ. ನನ್ನ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ವೈನಿ. ಫೋನಿನಲ್ಲಿ ಅವಿನಾಶನ ಹೆಸರು ತೆಗೆದು ಹೆಬ್ಬೆರಳು ಇಟ್ಟುಕೊಂಡೇ ಕೂತೆ.

ತೊಟ್ಟಿಲು ಬಂತು. ವೈನಿ ನನ್ನ ಮೊಣಕೈ ಹಿಡಿದಳು. ಆತ್ಯಾನ ದನಿ ಎದ್ದಿತು.

ಬೀದರದ ಹಾದ್ಯಾಗ ಬಿಸಿಲು ಬಾಳ ಕಂದಾ

ಖಾಲಿ. ಇಡೀ ಸಭಾಂಗಣದಲ್ಲಿ ಫ್ಯಾನಿನ ಸದ್ದೊಂದೇ. ಕತ್ತರಿಸಬೇಕಿತ್ತು, ಕತ್ತರಿಸಲೇಬೇಕಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ.

ಬೇವಿನ ನೆಳ್ಳಾಗ ನಿಂತು ಬಾ ಕಂದಾ

ಮತ್ತೆ ಖಾಲಿ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು, ಏಳುವವಳ ಹಾಗೆ. ಈಗ ಚೀರುತ್ತಾಳೆ! ನನ್ನ ಹೆಬ್ಬೆರಳು ಫೋನಿಗೆ ತಾಗಿಯೇ ಬಿಟ್ಟಿತ್ತು.

ಅವ್ವನ ಕೈಯಾಗ ಹಗ್ಗ ಅದ ಕಂದಾ

“ಜೋ ಜೋ.”

ನನ್ನ ಪಕ್ಕದಿಂದ ಬಂತು ಆ ದನಿ. ಸಣ್ಣಗೆ, ಒಡಕು ಒಡಕಾಗಿ. ವೈನಿ ತೆರೆಯನ್ನೇ ನೋಡುತ್ತಿದ್ದಳು, ಎರಡೂ ಕೈ ಹೊಟ್ಟೆಯ ಮೇಲಿದ್ದವು.

ಮುಂದಿನ ಅಜ್ಜಿ ಗಕ್ಕನೆ ಹಿಂದೆ ತಿರುಗಿ ನೋಡಿದಳು. ಬಸುರಿಯನ್ನು ನೋಡಿದಳು, ತೆರೆಯ ಮೇಲಿನವಳನ್ನು ನೋಡಿದಳು. ಅವಳಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಮುಂದಿನ ಸಾಲು ಬರುವಷ್ಟರಲ್ಲಿ ನೆಟ್ಟಗೆ ಕೂತಳು.

ನಿದ್ದಿಲ್ಲದ ಕಾದಾಳ, ಮೆಲ್ಲಕ ಬಾ ಕಂದಾ

“ಜೋ ಜೋ,” ಅಂದಳು ಅಜ್ಜಿ, ಕಂಚಿನಂಥ ಗಂಟಲಿನಲ್ಲಿ. ಅವಳ ಅಕ್ಕಪಕ್ಕದವರು ಅಂದರು. ಇನ್ನೊಂದು ಸಾಲಿಗೆ ಹಿಂದಿನವರೂ ಅಂದರು. ಖಾಲಿ ಬಿಟ್ಟ ಜಾಗಗಳೆಲ್ಲ ಒಂದೊಂದಾಗಿ ತುಂಬಿದವು. ತೊಟ್ಟಿಲಲ್ಲಿ ಏನಿದೆ, ಏನಿಲ್ಲ ಎಂದು ಯಾರೂ ನೋಡುತ್ತಿರಲಿಲ್ಲ. ಕೂಸನ್ನು ಮನೆಗೆ ಕರೆಯುವುದರಲ್ಲಿದ್ದರು. ನಮ್ಮ ವಿಚಾರವಾದಿ ಅಣ್ಣ ಕನ್ನಡಕ ತೆಗೆದು ಒರೆಸುತ್ತಿದ್ದ.

ನಾನು ಮಾತ್ರ ಫೋನು ಹಿಡಿದು ಕಂಬದ ಹಾಗೆ ಕೂತಿದ್ದೆ. ಕಣ್ಣೀರು ಇಳಿಯುತ್ತಿತ್ತು. ವೈನಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು.

“ಏ ಆತ್ಯಾ,” ಎಂದು ನನ್ನ ತೊಡೆ ಚಿವುಟಿದಳು, “ನಿನ್ನ ಬಾಯಿಗೇನಾಗ್ಯದ? ಜೋ ಅನ್ನು!”

ಅಂದೆ.