ಮೂವತ್ತೊಂದು ಮಂದಿಗೆ ಒಂದೇ ವರದಿ

"ಫೋನ್ ಇಡಬೇಡ ಕಣೋ, ಹಿಡ್ಕೊಂಡಿರು. ಈಗ ಒತ್ತುತೀನಿ," ಎಂದಳು ಅಕ್ಕ.

"ಒತ್ತು."

"ಭಯ ಆಗುತ್ತೆ."

"ನಾನು ಇಲ್ಲೇ ಇದೀನಲ್ಲ. ಒತ್ತಕ್ಕ."

ಆಸ್ಪತ್ರೆಯ ಎರಡನೆಯ ಮಹಡಿಯ ಕೊನೆಗೆ, ಹಳೆಯ ಕಡತಗಳ ಕೋಣೆಗೂ ಶೌಚಾಲಯಕ್ಕೂ ನಡುವೆ ಸಿಕ್ಕಿಕೊಂಡಿದ್ದ ಕಂಪ್ಯೂಟರ್ ವಿಭಾಗದಲ್ಲಿ, ಅವಳ ತಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಅದುಮಿಕೊಂಡು ಕೂತಿದ್ದ. ಎದುರಿನ ಪರದೆಯ ಮೇಲೆ ಅವನು ಆಗಷ್ಟೇ ಕಂಪ್ಯೂಟರಿಗೆ ಬರೆದ ಆದೇಶದ ಒಂದು ಸಾಲು ಇತ್ತು. ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕಿತ್ತು. ಆ ಹೊತ್ತಿನಲ್ಲಿ ಸಾಲು ಯಾರಿಗೆ ಬೇಕು? ಮೂರು ವಾರದಿಂದ ಅಕ್ಕ ತಮ್ಮ ಇಬ್ಬರೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಅಕ್ಕನ ಗರ್ಭಕೋಶದಿಂದ ಉಗುರಿನಷ್ಟು ಚೂರು ತೆಗೆದು ಇದೇ ಆಸ್ಪತ್ರೆಯ ಲ್ಯಾಬಿಗೆ ಕಳಿಸಿದ್ದರು. ವರದಿ ಸಿದ್ಧವಿದೆ, ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ ಎಂದು ಬೆಳಗ್ಗೆ ಹತ್ತಕ್ಕೆ ಅವಳ ಮೊಬೈಲಿಗೆ ಸಂದೇಶ ಬಂದಿತ್ತು.

ಕೊನೆಗೂ ಒತ್ತಿದಳು. ಆಮೇಲೆ ಅಕ್ಕ ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಪದ ಬಿಡಿಸಿ ಓದಿದಳು. "ಗರ್ಭಕೋಶದ ಪರೀಕ್ಷೆಯಲ್ಲಿ... ಆತಂಕ ಪಡುವಂಥದ್ದು... ಏನೂ ಕಂಡುಬಂದಿಲ್ಲ." ಇನ್ನೊಮ್ಮೆ ಓದಿದಳು. ಮೂರನೆಯ ಸಲ ಓದುವಾಗ ಅವಳ ದನಿ ಒಡೆಯಿತು. "ಪುಟ್ಟ, ಏನೂ ಇಲ್ಲವಂತೆ ಕಣೋ."

ಪುಟ್ಟನಿಗೆ ಮೂವತ್ತನಾಲ್ಕು ವರ್ಷ. ಅಮ್ಮ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅವಳು ಕಾಲೇಜು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ. ಅವನ ಫೀಸು, ಪುಸ್ತಕ, ಮೊದಲ ಕಂಪ್ಯೂಟರು ಎಲ್ಲ ಆ ಯಂತ್ರದ ಸೂಜಿಯಡಿಯಿಂದಲೇ ಬಂದವು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎನ್ನುತ್ತಿದ್ದಳು. ಇವನು ದಡ ಸೇರುವಷ್ಟರಲ್ಲಿ ಅವಳನ್ನು ಕೇಳುವವರು ನಿಂತುಹೋಗಿದ್ದರು. ಈಗ ಅವಳು ಫೋನಿನಲ್ಲಿ ಅಳುತ್ತ ನಗುತ್ತಿದ್ದರೆ ಇವನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಎದ್ದು ಹೋಗಿ ವಿಭಾಗದ ನಾಲ್ಕೂ ಜನಕ್ಕೆ ಟೀ ಹೇಳಿದ. ಯಾತಕ್ಕೆ ಎಂದವರಿಗೆ "ಸುಮ್ನೆ ಕುಡೀರಪ್ಪ, ಜಾತಕ ಕೇಳಬೇಡಿ" ಎಂದ.

ಟೀ ಮುಗಿಯುವ ಹೊತ್ತಿಗೆ ಮ್ಯಾನೇಜರು ಬಾಗಿಲಲ್ಲಿ ಕಾಣಿಸಿಕೊಂಡರು. ಈ ಮನುಷ್ಯ ನಗುವುದು ವರ್ಷಕ್ಕೆ ಎರಡು ಸಲ, ಅದರಲ್ಲಿ ಒಂದು ಸಲ ಹಲ್ಲು ನೋವಿಗೆ ಎಂದು ಆಸ್ಪತ್ರೆಯಲ್ಲಿ ಮಾತಿತ್ತು. ಅವತ್ತು ನಿಜವಾಗಿಯೇ ನಕ್ಕರು.

"ಹತ್ತೂಕಾಲು ಆಯ್ತು, ಸೈಟ್ ಇನ್ನೂ ಬಿದ್ದಿಲ್ಲ. ಏನ್ರೀ ಮಾಡಿದ್ರಿ?"

"ಮುಂದೆ ಒಂದು ಸರ್ವರ್ ಕೂರಿಸಿದೀನಿ ಸಾರ್."

ಅದು ನಿಜ. ಲ್ಯಾಬಿನವರು ದಿನಾ ಹತ್ತು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಸಂದೇಶ ಕಳಿಸುತ್ತಿದ್ದರು, ಜನ ಒಟ್ಟಿಗೆ ನುಗ್ಗುತ್ತಿದ್ದರು. ಎಲ್ಲ ಮಾಹಿತಿ ಇರುವ ಹಿಂದಿನ ಸರ್ವರು ಒಬ್ಬೊಬ್ಬರಿಗೂ ಹೊಸದಾಗಿ ಪುಟ ಕಟ್ಟಿಕೊಡಲಾರದೆ ಮಕಾಡೆ ಮಲಗುತ್ತಿತ್ತು. ಅದಕ್ಕೇ ಅವನು ಅದರ ಮುಂದೆ ಪ್ರಾಕ್ಸಿ ಎಂಬ ಇನ್ನೊಂದು ಸರ್ವರನ್ನು ಇಟ್ಟಿದ್ದ. ಯಾರಾದರೂ ಒಂದು ಪುಟ ಕೇಳಿದರೆ ಅದು ಒಳಗಿನಿಂದ ತಂದು ಕೊಡುತ್ತದೆ, ಒಂದು ನಕಲನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಮುಂದಿನ ಅರ್ಧ ಗಂಟೆ ಅದೇ ಪುಟ ಯಾರು ಕೇಳಿದರೂ ಆ ನಕಲನ್ನೇ ಕೊಟ್ಟು ಕಳಿಸುತ್ತದೆ. ಯಾವ ಡಾಕ್ಟರು ಯಾವಾಗ ಸಿಗುತ್ತಾರೆ, ಯಾವ ವಾರ್ಡು ಎಲ್ಲಿದೆ, ಇಂಥದ್ದಕ್ಕೆಲ್ಲ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. "ಭೇಷ್" ಎಂದು ಮ್ಯಾನೇಜರು ಬೆನ್ನು ತಟ್ಟಿ ಹೋದರು. ಒಂದೇ ದಿನ ಎರಡು ಒಳ್ಳೆಯ ಸುದ್ದಿ ಎಂದು ಇವನು ಹಿಗ್ಗಿದ. ಪಾಪ.

ಹತ್ತೂ ಇಪ್ಪತ್ತೈದಕ್ಕೆ ಕೆಳಗಿನ ರಿಸೆಪ್ಷನ್ನಿಂದ ಫೋನು ಬಂತು. ಯಾರೋ ದೊಡ್ಡವರು ಜಗಳ ಮಾಡುತ್ತಿದ್ದಾರೆ, ನೀವೇ ಮಾತಾಡಿ ಎಂದು ಅಲ್ಲಿನ ಹುಡುಗಿ ಲೈನು ಕೊಟ್ಟಳು.

"ನೋಡಪ್ಪ," ಎಂದಿತು ಒಂದು ಮುದಿ ಗಂಡು ದನಿ, ಬಹಳ ತಾಳ್ಮೆಯಿಂದ. "ನನ್ನ ಗರ್ಭಕೋಶದಲ್ಲಿ ಏನೂ ತೊಂದರೆ ಇಲ್ಲವಂತೆ. ಬಹಳ ಸಂತೋಷ. ಆದ್ರೆ ನಾನು ಬಂದಿದ್ದು ಮೂಗಿನ ಗಡ್ಡೆ ತೋರಿಸೋಕೆ."

ಪಕ್ಕದ ಮೇಜಿನವನಿಗೂ ಅದು ಕೇಳಿಸಿ ಅವನು ಕಿಸಕ್ಕೆಂದ. ತಮ್ಮನಿಗೂ ನಗು ಬಂದಿತ್ತು. ಬಂದ ನಗು ಅರ್ಧದಲ್ಲೇ ನಿಂತಿತು. ಅವನು ಪರದೆ ನೋಡಿದ. ಮೊದಲ ಸಾಲು ಇತ್ತು. ಎಲ್ಲ ಪುಟಗಳನ್ನೂ ಅರ್ಧ ಗಂಟೆ ಇಟ್ಟುಕೋ, ಕೇಳುವವರು ಯಾರೆಂದು ನೋಡಬೇಡ. ಎರಡನೆಯ ಸಾಲು ಇರಲಿಲ್ಲ. 'ನನ್ನ ವರದಿ' ಎಂಬ ಪುಟವನ್ನು ಮಾತ್ರ ಇಟ್ಟುಕೊಳ್ಳಬೇಡ, ಅದರ ವಿಳಾಸ ಎಲ್ಲರಿಗೂ ಒಂದೇ ಆದರೂ ಒಳಗಿರುವುದು ಒಬ್ಬೊಬ್ಬರದು ಒಂದೊಂದು ಎಂದು ಹೇಳಬೇಕಾಗಿದ್ದ ಸಾಲು ಅದು. ಒಂದು ಸಾಲು ಬರೆ, ಚಾಲೂ ಮಾಡಿ ಪರೀಕ್ಷಿಸು, ಸರಿಯಿದ್ದರೆ ಮುಂದಿನದು ಬರೆ ಎಂಬುದು ಅವನಿಗೆ ಕೆಲಸ ಕಲಿಸಿದವರು ಹಾಕಿಕೊಟ್ಟ ಪಾಠ. ಹನ್ನೊಂದು ವರ್ಷ ಅದನ್ನು ತಪ್ಪದೆ ಪಾಲಿಸಿದ್ದ. ಅವತ್ತೂ ಪಾಲಿಸಿದ. ಒಂದು ಸಾಲು ಬರೆದು ಚಾಲೂ ಮಾಡಿದಾಗಲೇ ಅಕ್ಕನ ಫೋನು ಬಂದದ್ದು.

ಎರಡನೆಯ ಸಾಲು ಬರೆಯಲು ಅರ್ಧ ನಿಮಿಷ ಹಿಡಿಯಿತು. ನಕಲನ್ನು ಅಳಿಸಲು ಅಷ್ಟೂ ಬೇಕಾಗಲಿಲ್ಲ. ಅವನ ಕೈಲಿ ಆಗುವುದು ಅಲ್ಲಿಗೆ ಮುಗಿಯಿತು. ಆಮೇಲೆ, ಯಾರು ಯಾವಾಗ ಬಂದರೆಂದು ಪ್ರಾಕ್ಸಿ ಬರೆದಿಟ್ಟ ದಾಖಲೆ ತೆಗೆದ. ಹತ್ತು ಗಂಟೆ ಒಂದು ನಿಮಿಷಕ್ಕೆ ಯಾರೋ ಒಬ್ಬ ಹೆಂಗಸು ಮೊದಲಿಗಳಾಗಿ ತನ್ನ ವರದಿ ತೆಗೆದಿದ್ದಳು. ಅವಳಿಗೆ ಅವಳದೇ ಸಿಕ್ಕಿತ್ತು. ಅಲ್ಲಿಂದ ಮುಂದೆ ಬಂದ ಮೂವತ್ತೊಂದು ಮಂದಿಗೂ ಅವಳದೇ ಸಿಕ್ಕಿತ್ತು. ಪುಟದಲ್ಲಿ ಹೆಸರು ಹಾಕಿದರೆ ಪಕ್ಕದವರು ಇಣುಕುತ್ತಾರೆ ಎಂದು ಹೋದ ವರ್ಷ ಸಭೆ ಸೇರಿಸಿ ಹೆಸರು ತೆಗೆಸಿದ್ದರು. ತುದಿಯಲ್ಲಿ ಇರುವೆಯಷ್ಟು ಸಣ್ಣಗೆ ಒಂದು ನಂಬರು ಇರುತ್ತಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಇಪ್ಪತ್ತೈದು ನಿಮಿಷ ಆ ಆಸ್ಪತ್ರೆಯ ರೋಗಿಗಳಿಗೆಲ್ಲ ಏನೂ ತೊಂದರೆ ಇರಲಿಲ್ಲ.

ಅವನು ಒಂದೊಂದೇ ಸಾಲು ಕೆಳಗೆ ಬಂದ. ಹತ್ತು ಗಂಟೆ ಆರು ನಿಮಿಷ. ಅಕ್ಕನ ಮೊಬೈಲು.

ಹಾಗಂತ ಅವಳದು ಕೆಟ್ಟದ್ದೇ ಇರಬೇಕೆಂದೇನೂ ಇಲ್ಲವಲ್ಲ ಎಂದುಕೊಂಡ. ಹತ್ತರಲ್ಲಿ ಎಂಟು ಮಂದಿಯದು ಚೆನ್ನಾಗಿಯೇ ಬರುತ್ತದೆ, ಲ್ಯಾಬಿನ ಮೇಡಂ ಅವರೇ ಹೇಳಿದ್ದರು. ಅಕ್ಕನ ಪಾಸ್‌ವರ್ಡ್ ಮಾಡಿಕೊಟ್ಟವನು ಅವನೇ. ಅದನ್ನೇ ಹಾಕಿ ಒಳಗೆ ಹೋದ. ಪುಟ ತೆರೆಯಿತು. 'ನಿಮ್ಮ ವರದಿ ಸಿದ್ಧವಿದೆ. ದಯವಿಟ್ಟು ವೈದ್ಯರನ್ನು ಖುದ್ದಾಗಿ ಭೇಟಿ ಮಾಡಿ.'

ಅಷ್ಟೇ ಇತ್ತು. ಕೆಟ್ಟ ಸುದ್ದಿಯನ್ನು ಮೊಬೈಲಿನಲ್ಲಿ ಹೇಳಬಾರದು, ಅದಕ್ಕೊಂದು ಮೆತ್ತಗಿನ ವಾಕ್ಯ ಬರೆಯಿರಿ ಎಂದು ಡಾಕ್ಟರುಗಳು ಕೇಳಿದಾಗ ಅದನ್ನು ಬರೆದುಕೊಟ್ಟವನೂ ಅವನೇ. 'ಖುದ್ದಾಗಿ' ಎಂಬ ಪದ ಮರ್ಯಾದೆಯಾಗಿದೆ ಎಂದು ಎಲ್ಲರೂ ಮೆಚ್ಚಿದ್ದರು.

ಮ್ಯಾನೇಜರ ಕೋಣೆಯಲ್ಲಿ ಬೈಗುಳ ಅವನು ಅಂದುಕೊಂಡಷ್ಟು ಬರಲಿಲ್ಲ. ತಾಂತ್ರಿಕ ದೋಷ ಎಂದು ಹೇಳಿ, ಎಲ್ಲರಿಗೂ ಫೋನು ಮಾಡಿ, ಸಂಜೆಯೊಳಗೆ ಮುಗಿಸಿ ಎಂದರು. ಲ್ಯಾಬಿನ ಮೇಡಂ ಪಟ್ಟಿ ಹಿಡಿದು ಕೂತರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹೆಂಗಸು, ಮೂವತ್ತು ವರ್ಷದಿಂದ ಪ್ರತಿ ವರದಿಗೂ ಅವರದೇ ಸಹಿ. ಕಣ್ಣು, ಮೂಗು, ರಕ್ತ ಎಂದು ಬಂದವರಿಗೆಲ್ಲ ಮೊದಲೇ ಅನುಮಾನ ಬಂದಿತ್ತು, ಅವರದು ಬೇಗ ಮುಗಿಯಿತು. ಗರ್ಭಕೋಶದ ಪರೀಕ್ಷೆಗೆಂದೇ ಬಂದಿದ್ದವರು ಮೂವರು. ಅವರು ಪೂರಾ ನಂಬಿದ್ದರು. ಇಬ್ಬರ ನಿಜವಾದ ವರದಿಯೂ ಚೆನ್ನಾಗಿತ್ತು. ಮೇಡಂ ಮೂರನೆಯ ನಂಬರಿನ ಮೇಲೆ ಬೆರಳಿಟ್ಟು ಫೋನೆತ್ತಿದರು.

"ಅದು ಬೇಡ ಮೇಡಂ. ನಾನೇ ಹೇಳ್ತೀನಿ."

"ಯಾಕಪ್ಪ?"

"ನಮ್ಮಕ್ಕ."

ಮೇಡಂ ಫೋನನ್ನು ಸದ್ದಾಗದಂತೆ ಇಟ್ಟರು. ಆ ವರದಿಗೆ ಸಹಿ ಹಾಕಿದ ನೆನಪು ಅವರಿಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಎಷ್ಟರ ಮಟ್ಟಿಗೆ ಇದೆ ಮೇಡಂ?"

"ಅದನ್ನ ಡಾಕ್ಟರೇ ಹೇಳಬೇಕಪ್ಪ. ನಾಳೆ ಒಂಬತ್ತಕ್ಕೆ ಕರ್ಕೊಂಡು ಬಾ, ನಾನು ಹೇಳಿಟ್ಟಿರ್ತೀನಿ." ಕನ್ನಡಕ ಮತ್ತೆ ಹಾಕಿಕೊಂಡು, "ನೀನು ಇವತ್ತು ತಪ್ಪು ಮಾಡದೆ ಇದ್ದಿದ್ರೂ ಅವಳದು ಅದೇ ಇರ್ತಿತ್ತು. ಅದನ್ನ ತಲೇಲಿ ಇಟ್ಕೋ," ಎಂದರು.

ಅವನು ಇಟ್ಟುಕೊಳ್ಳಲು ನೋಡಿದ. ಅದು ನಿಲ್ಲಲಿಲ್ಲ. ತಪ್ಪು ಮಾಡದೆ ಇದ್ದಿದ್ದರೆ ಅವಳು ಬೆಳಗ್ಗೆಯೇ ಹೆದರುತ್ತಿದ್ದಳು, ಇವನು ಓಡುತ್ತಿದ್ದ, ಇಬ್ಬರೂ ಕೂತು ಅಳುತ್ತಿದ್ದರು. ಈಗ ಅವಳಿಗೆ ಕೊಟ್ಟದ್ದನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಕು. ಕಾರಿಡಾರಿನ ಕಿಟಕಿಯ ಬಳಿ ನಿಂತು ಫೋನು ಮಾಡಿದ. ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಮೂರು ವಾರದಿಂದ ಅದು ಮುಸುಕು ಹಾಕಿಕೊಂಡು ಮೂಲೆಯಲ್ಲಿತ್ತು. ಅರ್ಧಕ್ಕೆ ಬಿಟ್ಟುಹೋದರೆ ಜನರ ಬಟ್ಟೆ ಹಾಳು ಎಂದು ಅವಳು ಯಾರ ಕೆಲಸವನ್ನೂ ಒಪ್ಪಿಕೊಂಡಿರಲಿಲ್ಲ.

"ಅಕ್ಕ..."

"ಏನೋ ಅದು, ಬೇಗ ಹೇಳು. ಶಾಲೆಯವರಿಗೆ ಹೂಂ ಅಂದುಬಿಟ್ಟೆ ಕಣೋ. ಇನ್ನೂರ ನಲವತ್ತು ಯೂನಿಫಾರ್ಮು. ಆರು ತಿಂಗಳು ತಲೆ ಎತ್ತೋ ಹಾಗಿಲ್ಲ. ಬಟ್ಟೆ ಆಗ್ಲೇ ತಂದು ಹಾಕಿದಾರೆ, ಕಾಲಿಡೋಕೆ ಜಾಗ ಇಲ್ಲ. ಏನೋ ಹೇಳೋಕೆ ಬಂದೆಯಲ್ಲ?"

ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

"ಇವತ್ತು ಬೇಗ ಬರ್ತೀನಿ," ಎಂದ.

"ಬಾ ಬಾ. ಮಹಾರಾಜರು ಹಗಲು ಹೊತ್ತಿನಲ್ಲಿ ಮನೆ ನೋಡಿ ಎಷ್ಟು ದಿನ ಆಯ್ತೋ."

ನಾಲ್ಕಕ್ಕೆ ಮನೆ ತಲುಪಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅದನ್ನು ಮೆಟ್ಟಿಲ ಮೇಲೆ ಇನ್ನೊಮ್ಮೆ ಹೇಳಿಕೊಂಡ. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ನೀಲಿ ಬಟ್ಟೆಯ ಕಟ್ಟುಗಳು ಕಿಟಕಿಯ ಎತ್ತರಕ್ಕೆ ಏರಿದ್ದವು. ಅವುಗಳ ನಡುವೆ ಅಕ್ಕ, ಕುತ್ತಿಗೆಗೆ ಟೇಪು ಹಾಕಿಕೊಂಡು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಳು. ಅವನನ್ನು ನೋಡಿ ಸೂಜಿಗಳನ್ನು ತೆಗೆದು ಕುಪ್ಪಸಕ್ಕೆ ಚುಚ್ಚಿಕೊಂಡಳು.

"ಒಳ್ಳೇ ಹೊತ್ತಿಗೆ ಬಂದೆ. ಅಲ್ಲೇ ನಿಂತ್ಕೋ. ಚಪ್ಪಲಿ ಆಮೇಲೆ ಬಿಡು."

"ಯಾಕೆ?"

"ನಿನಗೊಂದು ಅಂಗಿ ಹೊಲೀಬೇಕು. ಊರಿಗೆಲ್ಲ ಹೊಲಿದು ತಮ್ಮನಿಗೆ ಅಂಗಡಿ ಅಂಗಿ ಅಂದ್ರೆ ಜನ ನಗ್ತಾರೆ. ಕೈ ಎತ್ತು."

ಅವನು ಎತ್ತಿದ. ಅವಳು ಟೇಪನ್ನು ಅವನ ಎದೆಯ ಸುತ್ತ ತಂದು ಎರಡು ತುದಿ ಕೂಡಿಸಿದಳು. ನೆತ್ತಿಯಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು. ಬೆಳಗ್ಗೆ ತಲೆ ಸ್ನಾನ ಮಾಡಿದ್ದಳೆಂದು ಕಾಣುತ್ತದೆ, ಸೋಪಿನ ವಾಸನೆ ಬರುತ್ತಿತ್ತು.

"ಉಸಿರು ಬಿಡೋ. ಹೀಗೆ ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."

"ಅಕ್ಕ, ಬೆಳಗ್ಗೆ ನೀನು ಓದಿದ್ದು ನಿನ್ನ ರಿಪೋರ್ಟ್ ಅಲ್ಲ."

ಟೇಪು ಅವನ ಎದೆಯ ಸುತ್ತ ಹಾಗೇ ಇತ್ತು. ಅವಳ ಎರಡು ಬೆರಳು ಅದನ್ನು ಹಿಡಿದ ಕಡೆಯೇ ಹಿಡಿದಿದ್ದವು.

"ಮತ್ತೆ ಯಾರದು?"

"ಯಾರೋ ಒಬ್ಬಳದು. ಎಲ್ಲರಿಗಿಂತ ಮೊದಲು ತೆಗೆದವಳದು. ನಾನು ಒಂದು ಸಾಲು ಬರೆಯೋದು ಬಿಟ್ಟಿದ್ದೆ. ಆಮೇಲೆ ಬಂದವರಿಗೆಲ್ಲ ಅವಳದೇ ಹೋಯ್ತು."

"ನಂದು?"

"ನಾಳೆ ಒಂಬತ್ತಕ್ಕೆ ಡಾಕ್ಟರನ್ನ ಖುದ್ದಾಗಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಆ ವಾಕ್ಯ ಬರೆದ ದಿನ ಊಟಕ್ಕೆ ಕೂತಾಗ ಅವಳಿಗೆ ಓದಿ ಹೇಳಿ ಹೊಗಳಿಸಿಕೊಂಡಿದ್ದ.

ಅಕ್ಕ ಟೇಪಿನ ಅಂಕಿಯನ್ನು ಹತ್ತಿರದಿಂದ ನೋಡಿದಳು. ಮೇಜಿನ ಮೇಲಿದ್ದ ಪುಸ್ತಕದಲ್ಲಿ ಎದೆ ಮೂವತ್ತೆಂಟು ಎಂದು ಬರೆದಳು. ಅವನು ಅವಳ ಹೆಗಲು ಹಿಡಿಯಲು ಕೈ ಇಳಿಸಿದ. ಎಲ್ಲಿ ಹಿಡಿಯಬೇಕೋ ತೋಚದೆ ಕೈ ಹಾಗೇ ತೂಗಿತು.

"ಅವಳಿಗೆ ಗೊತ್ತಾಗಿದೆ ತಾನೆ, ತನ್ನದು ಸರಿಯಿದೆ ಅಂತ?"

"ಹೂಂ. ಅವಳದು ಅವಳಿಗೆ ಸಿಕ್ಕಿದೆ."

"ಸದ್ಯ," ಎಂದಳು. ಆಮೇಲೆ, "ತೋಳು ನೀಡು."

ಅವನು ಬಲಗೈ ನೀಡಿದ. ಅವಳು ಭುಜದ ಮೂಳೆಯ ಮೇಲೆ ಟೇಪಿನ ತುದಿ ಇಟ್ಟು ಮಣಿಕಟ್ಟಿನವರೆಗೂ ಎಳೆದು, ಇಪ್ಪತ್ತಮೂರೂವರೆ ಎಂದು ಬರೆದುಕೊಂಡಳು. ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದಳು. ಅವನತ್ತ ತಿರುಗಿ ಅದೇ ತೋಳನ್ನು ಹಿಡಿದು, ಭುಜದಿಂದ ಮಣಿಕಟ್ಟಿನವರೆಗೆ ಇನ್ನೊಮ್ಮೆ ಅಳೆದಳು.