ಇಪ್ಪತ್ತೈದನೆಯ ಪುಟ

ಉದ್ಘಾಟನೆಯಾಗದ ವಸ್ತುವನ್ನು ಮುಟ್ಟಬಾರದೆಂದು ಗುರುಲಿಂಗನಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಹುಮನಾಬಾದಿನ ಜನಹಿತ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಕೊಟ್ಟು ಪುಸ್ತಕ ಪಡೆದು ತಾನಾಗಿಯೇ ಕಲಿತುಕೊಂಡಿದ್ದ. ಹಿಂದೊಮ್ಮೆ ವಾಚನಾಲಯಕ್ಕೆ ಬಂದ ತಣ್ಣೀರಿನ ಯಂತ್ರ, ರಿಬ್ಬನ್ ಕತ್ತರಿಸುವವರು ಸಿಗದೆ ಇಡೀ ಬೇಸಿಗೆ ಒಣಗಿ ನಿಂತಿತ್ತು. ಮಳೆಗಾಲದಲ್ಲಿ ಉದ್ಘಾಟನೆಯಾಯಿತು. ಜನ ಚಳಿಯಲ್ಲಿ ನಡುಗುತ್ತಾ ತಣ್ಣೀರು ಕುಡಿದು ಚಪ್ಪಾಳೆ ತಟ್ಟಿದರು. ಅದರಲ್ಲಿ ತಮಾಷೆಯೇನಾದರೂ ಇದೆಯೆಂದು ಗುರುಲಿಂಗನಿಗೆ ಅಂದು ಅನಿಸಿರಲಿಲ್ಲ.

ಈ ಸಲ ಬಂದದ್ದು ಓದುವ ಯಂತ್ರ. ಹೈದರಾಬಾದಿನಲ್ಲಿದ್ದ ಊರಿನ ಮಗಳೊಬ್ಬಳು ಕಣ್ಣು ಕಾಣದವರಿಗೆ, ವಯಸ್ಸಾದವರಿಗೆ ಅನುಕೂಲವಾಗಲೆಂದು ದಾನ ಕೊಟ್ಟಿದ್ದಳು. ಪುಸ್ತಕ ಬಿಚ್ಚಿ ಅದರ ಕ್ಯಾಮೆರಾದ ಕೆಳಗಿಟ್ಟು ಗುಂಡಿ ಒತ್ತಿದರೆ ಸಾಕು, ಕನ್ನಡದ ಅಕ್ಷರಗಳನ್ನು ತಾನೇ ನೋಡಿ ಗಟ್ಟಿಯಾಗಿ ಓದಿ ಹೇಳುತ್ತದೆ. ಜನವರಿಯಲ್ಲಿ ಬಂದ ಡಬ್ಬಿಯನ್ನು ಗುರುಲಿಂಗ ಟೇಪು ಸಹ ಕೀಳದೆ ತನ್ನ ಹಿಂದಿನ ಅಲಮಾರಿಯಲ್ಲಿಟ್ಟು ಬೀಗ ಹಾಕಿದ.

ಆ ಯಂತ್ರಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾದವರು ಬಸವಕಲ್ಯಾಣದ ಮಹಾರುದ್ರಪ್ಪನವರು. ಎಪ್ಪತ್ತೆರಡು ವರ್ಷ. ಬಸವಕಲ್ಯಾಣದ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಆಫ್‌ಸೆಟ್ ಬಂದು ಪ್ರೆಸ್ಸು ಮುಚ್ಚಿತು. ಇನ್ನು ಕೂತು ಓದೋಣ ಎನ್ನುವಷ್ಟರಲ್ಲಿ ಕಣ್ಣಿಗೆ ಕಾಚಬಿಂದು, ಅಂದರೆ ಗ್ಲಾಕೋಮಾ, ಬಂದು ಬೆಳಕು ಪೂರ್ತಿ ಹೋಯಿತು. ಗುರುಲಿಂಗನ ಮನೆಯೂ ಬಸವಕಲ್ಯಾಣದಲ್ಲೇ. ದಿನಾ ಬೆಳಿಗ್ಗೆ ಅವನು ಹಿಡಿಯುವ ಹುಮನಾಬಾದ್ ಬಸ್ಸಿಗೇ ಪ್ರತಿ ಮಂಗಳವಾರ ಮಹಾರುದ್ರಪ್ಪನವರೂ ಬರುತ್ತಿದ್ದರು, ಸಂಜೆ ಅವನ ಜೊತೆಗೇ ಮರಳುತ್ತಿದ್ದರು. ಮನೆಯಲ್ಲಿ ಮಗಳು ಜಯಮಾಲಾಳಿಗೆ ವೀರಭದ್ರನ ಗುಡಿಗೆ ಎಂದು ಹೇಳುತ್ತಿದ್ದರು. ಗುಡಿಗೆ ಹೋಗುತ್ತಿದ್ದದ್ದೂ ನಿಜವೇ, ಆದರೆ ಮೊದಲು ವಾಚನಾಲಯ.

"ಬಂತೇನ್ರಿ ಗುರುಲಿಂಗಪ್ಪ, ನಮ್ಮ ಓದೋ ಮಷೀನು?"

"ಬಂದದ್ರಿ ಕಾಕಾ. ಅಲಮಾರ್‍ಯಾಗ ಅದ. ಮುಂದಿನ ತಿಂಗಳ ಉದ್ಘಾಟನಾ."

"ಜಲ್ದಿ ಮಾಡಸ್ರಿ. ಕಣ್ಣು ಕಾಚಬಿಂದು ತಿಂತು. ಕಿವಿ ಆ ಪ್ರೆಸ್ಸಿನ ಮಷೀನಿನ ಸಪ್ಪಳ ತಿನ್ನಾಕತ್ತದ. ಬಲಗಿವಿ ಆಗಲೇ ಖಲಾಸ್. ಎಡಗಿವಿ ಒಂದ್ ವರ್ಷ ತಡದರ ಛಲೋ ಅಂದಾರ ಡಾಕ್ಟರ್. ಅದರೊಳಗ ನನ್ನ ಪುಸ್ತಕ ಕೇಳಿ ಮುಗಸಬೇಕ್ರಿ."

ಅವರ ಪುಸ್ತಕವೆಂದರೆ ಅವರು ಬರೆದದ್ದಲ್ಲ, ಮೊಳೆ ಜೋಡಿಸಿದ್ದು. ಮಂಠಾಳದ ಶಾಲಾ ಮಾಸ್ತರರೊಬ್ಬರು ನಲವತ್ತು ವರ್ಷದ ಹಿಂದೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ತೊಂಬತ್ತಾರು ಪುಟದ ಕಾದಂಬರಿ. ಹೆಸರು 'ಮಂಠಾಳದ ಸೊಸೆ'. ಅವಸರದ ಕೆಲಸವಾದ್ದರಿಂದ ಪ್ರೆಸ್ಸಿನವರು ಹಸ್ತಪ್ರತಿಯನ್ನು ಇಬ್ಬರಿಗೆ ಹಂಚಿದ್ದರು. ಮೊದಲ ಎಂಟು ಪುಟ ಮಹಾರುದ್ರಪ್ಪನವರಿಗೆ, ಮುಂದಿನ ಎಂಟು ಜೊತೆಗಾರ ಪಂಡರಿಗೆ, ಮತ್ತೆ ಎಂಟು ಇವರಿಗೆ. ಹೀಗೆ ಕೊನೆಯ ತನಕ. ಸಾಮಾನ್ಯವಾಗಿ ಮೊಳೆ ಜೋಡಿಸುವವನು ಕಥೆ ಓದುವುದಿಲ್ಲ, ಅಕ್ಷರ ನೋಡುತ್ತಾನೆ. ಆದರೆ ಈ ಒಂದು ಪುಸ್ತಕದಲ್ಲಿ ಮಹಾರುದ್ರಪ್ಪನವರು ಅದು ಹೇಗೋ ಸಿಕ್ಕಿಹಾಕಿಕೊಂಡರು. ಇಪ್ಪತ್ತನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ ಸೊಸೆ ರುಕ್ಮವ್ವ ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಕಲಬುರಗಿ ರಸ್ತೆಯ ಕಡೆ ನಡೆಯುತ್ತಾಳೆ. ಮೂವತ್ತಮೂರನೆಯ ಪುಟಕ್ಕೆ ಬಂದರೆ ಅದೇ ಅತ್ತೆಯ ಮನೆಯಲ್ಲಿ ನಗುನಗುತ್ತಾ ರೊಟ್ಟಿ ಬಡಿಯುತ್ತಿದ್ದಾಳೆ. ನಡುವೆ ಏನಾಯಿತು?

"ಪಂಡರಿನ್ನ ಕೇಳಬೇಕಿತ್ತಲ್ಲರಿ ಕಾಕಾ?" ಎಂದು ಗುರುಲಿಂಗ ಒಮ್ಮೆ ನಕ್ಕಿದ್ದ.

"ಕೇಳಿದ್ನಿ. 'ನಾ ಒತ್ತು ಕೊಂಬು ನೋಡೀನಿ ಮಾರಾಯಾ, ಸೊಸಿ ಎಲ್ಲಿ ಹೋದ್ಲು ಅಂತ ನಾ ಯಾಕ ನೋಡ್ಲಿ' ಅಂದ. ಈಗ ಅವನೂ ಹೋದ. ಪುಸ್ತಕದ ಕೊನಿ ಎಂಟು ಪುಟಾನೂ ಅವಂದೇ ಪಾಲು ನೋಡ್ರಿ. ಆ ಹೆಣ್ಣುಮಗಳ ಗತಿ ಏನಾತು ಅಂತ ನಲವತ್ತು ವರ್ಷ ಆತು ನನಗ ಪತ್ತೇನೇ ಇಲ್ಲ."

ಅಚ್ಚಾದ ಪ್ರತಿಗಳನ್ನೆಲ್ಲ ಮಾಸ್ತರರು ಅಂದೇ ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಈಗ ಉಳಿದಿದ್ದ ಒಂದೇ ಪ್ರತಿ ಜನಹಿತ ವಾಚನಾಲಯದಲ್ಲಿತ್ತು. ಮಹಾರುದ್ರಪ್ಪನವರು ಮಂಗಳವಾರ ಬಂದವರೇ ಅದನ್ನು ಕೇಳಿ ಪಡೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹಾಳೆ ಎಣಿಸಿ, ಇದು ನನ್ನದು, ಇದು ಪಂಡರಿಯದು ಎಂದು ಬೆರಳಾಡಿಸುತ್ತಿದ್ದರು. ಮಗಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಬೇರೆಯವರಿಗೆ ಓದಿ ಹೇಳಿ ಅನ್ನುವುದು ಅವರ ಜಾಯಮಾನಕ್ಕೆ ಒಗ್ಗದ ಮಾತು. "ಮಂದಿಗಿ ಯಾಕ ತ್ರಾಸ? ಮಷೀನಿಗಿ ಬ್ಯಾಸರಕಿ ಇಲ್ಲ," ಎನ್ನುತ್ತಿದ್ದರು.

ಉದ್ಘಾಟನೆ ಫೆಬ್ರವರಿ ಹದಿನೆಂಟಕ್ಕೆ ನಿಗದಿಯಾಯಿತು. ವಾಚನಾಲಯ ಕಮಿಟಿಯ ಅಧ್ಯಕ್ಷ, ದಾಲ್ ಮಿಲ್ಲಿನ ಧಣಿ ಸತೀಶಕುಮಾರರು ಬೆಂಗಳೂರಿನ ದೊಡ್ಡವರೊಬ್ಬರನ್ನು ಕರೆಸುತ್ತೇನೆಂದು ಹಟ ಹಿಡಿದಿದ್ದರು. ಕಲ್ಲಿನಲ್ಲಿ ಹೆಸರು ಕೆತ್ತಿಸಿಯೂ ಆಯಿತು. ಹದಿನೇಳರ ಸಂಜೆ ದೊಡ್ಡವರ ಕಡೆಯಿಂದ ಫೋನು ಬಂತು: ಬರಲಾಗುವುದಿಲ್ಲ. ಏಪ್ರಿಲ್‌ಗೆ ಮುಂದೂಡಿದರು. ಏಪ್ರಿಲ್‌ನಲ್ಲಿ ಚುನಾವಣೆಯ ನೀತಿ ಸಂಹಿತೆ ಅಡ್ಡ ಬಂತು. ಆಮೇಲೆ ಆಷಾಢ. ಆಷಾಢದಲ್ಲಿ ಶುಭಕಾರ್ಯ ಮಾಡುವ ಧೈರ್ಯ ದಾಲ್ ಮಿಲ್ಲಿನವರಿಗೂ ಇರಲಿಲ್ಲ.

ಕಸ ಗುಡಿಸುವ ಜಗದೇವಿಗೆ ಮಾತ್ರ ಇದೆಲ್ಲ ತಲೆಗೆ ಹತ್ತಲಿಲ್ಲ. ಜೂನಿನ ಒಂದು ಮಂಗಳವಾರ ಪೊರಕೆ ಕೆಳಗಿಟ್ಟು ಕೇಳಿಯೇ ಬಿಟ್ಟಳು.

"ಸರ್, ಆ ಮುದುಕಪ್ಪ ಪಾಪ ಎಷ್ಟ್ ಸಲ ಬರ್ತಾರ್ರಿ? ಬಾಗಲಾ ಹಾಕ್ಕೊಂಡು ಒಂದೆರಡ ತಾಸ ಕೇಳಸ್ರಿ. ಮತ್ತ ಡಬ್ಬ್ಯಾಗ ಇಟ್ಟಬಿಡ್ರಿ. ಯಾರಿಗಿ ಗೊತ್ತಾಕದ?"

"ಟೇಪ್ ಹರದದ್ದು ಗೊತ್ತಾಕದ ಜಗದೇವಿ. ದೊಡ್ಡವರ ಕೈಲೇ ಅದು ಮೊದಲ ಸಲ ಮಾತಾಡಬೇಕು. ಅಧ್ಯಕ್ಷರು ಹೇಳ್ಯಾರ."

"ಅಧ್ಯಕ್ಷರು ಅಲಮಾರಿ ತಗದು ನೋಡಾಕ ಬರ್ತಾರೇನ್ರಿ?"

ಗುರುಲಿಂಗ ಅಲಮಾರಿಯ ಬೀಗವನ್ನು ಒಮ್ಮೆ ಎಳೆದು ನೋಡಿದ. ಅಧ್ಯಕ್ಷರು ಬಂದು ನೋಡುತ್ತಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ನೋಡಿದ್ದರೂ ಬಹಳವೆಂದರೆ ಎರಡು ಮಾತು ಬೈಯುತ್ತಿದ್ದರು. ಆದರೆ ಇಪ್ಪತ್ತಾರು ವರ್ಷದಲ್ಲಿ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಂಡಿಲ್ಲ ಎಂಬ ಹೆಮ್ಮೆ ಅವನಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು. ಪ್ರಾಮಾಣಿಕ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಅಂಜುಬುರುಕ ಎನ್ನುವುದಕ್ಕೆ ಊರಿನವರು ಹಲವು ಸಲ ಅದೇ ಪದ ಬಳಸುತ್ತಾರೆ.

ಜುಲೈ ಕೊನೆಯಲ್ಲಿ ಎರಡು ಮಂಗಳವಾರ ಮಹಾರುದ್ರಪ್ಪನವರು ಬಸ್ಸಿಗೆ ಬರಲಿಲ್ಲ. ಮಳೆಗೆ ಹೆದರಿರಬೇಕು ಎಂದುಕೊಂಡ ಗುರುಲಿಂಗ. ಮೂರನೆಯ ಮಂಗಳವಾರವೂ ಬಾರದಿದ್ದಾಗ ಸಂಜೆ ಅವರ ಮನೆಗೆ ಹೋದ. ಜಯಮಾಲಾ ಹೊಲಿಗೆ ಮಷೀನು ನಿಲ್ಲಿಸಿ ಎದ್ದು ಬಂದಳು.

"ಜೋರ ಜ್ವರ ಬಂದಿತ್ತರಿ ಅಣ್ಣಾ, ಎಂಟ ದಿನ. ಜ್ವರ ಇಳೀತು. ಆದ್ರ ಎಡಗಿವಿನೂ ಹೋತರಿ. ಮೊನ್ನೆ ಹುಮನಾಬಾದ ಡಾಕ್ಟರ್‍ಗಿ ತೋರ್ಸಿದಿವಿ. ನರಾನೇ ಸತ್ತದ, ಕಿವಿಗಿ ಮಷೀನ್ ಹಾಕಿದ್ರೂ ಉಪಯೋಗಿಲ್ಲ ಅಂದ್ರು."

ಒಳಗೆ ಮಹಾರುದ್ರಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಏನಾದರೂ ತಿಳಿಸಬೇಕಾದರೆ ಅಂಗೈ ಮೇಲೆ ಬೆರಳಿನಿಂದ ಬರೆಯಬೇಕು ಎಂದು ಜಯಮಾಲಾ ಹೇಳಿದಳು. ಅವಳು ಮರಾಠಿಯಲ್ಲಿ ಬರೆಯುತ್ತಿದ್ದಳಂತೆ, ಅವರು ಹೇಗೋ ಹೊಂದಿಸಿಕೊಳ್ಳುತ್ತಿದ್ದರಂತೆ. ಗುರುಲಿಂಗ ಆ ಒಣಗಿದ ಅಂಗೈಯಲ್ಲಿ ತನ್ನ ಹೆಸರು ಬರೆದ.

"ಓ, ಗುರುಲಿಂಗಪ್ಪ!" ಎಂದು ಅವರು ಕೂಗಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಈಗ ಅವರದು ಎಲ್ಲವೂ ಕೂಗೇ. "ಬರ್ರಿ, ಕೂಡ್ರಿ. ಚಹಾ ಮಾಡವಾ ಜಯಮಾಲಾ."

ಆ ಸಂಜೆ ಗುರುಲಿಂಗ ಚಹಾ ಕುಡಿದದ್ದು ಹೇಗೋ ಅವನಿಗೇ ಗೊತ್ತಿಲ್ಲ. ಮರುದಿನ ವಾಚನಾಲಯಕ್ಕೆ ಹೋದವನೇ 'ಮಂಠಾಳದ ಸೊಸೆ'ಯನ್ನು ತೆಗೆದುಕೊಂಡು ಓದಲು ಕೂತ. ಇಷ್ಟು ವರ್ಷ ಅದನ್ನು ಕಪಾಟಿನಿಂದ ತೆಗೆದಿದ್ದ, ಇಟ್ಟಿದ್ದ, ಒಂದು ಸಾಲೂ ಓದಿರಲಿಲ್ಲ. ಪಂಡರಿಯ ಪಾಲಿನ ಪುಟಗಳನ್ನಷ್ಟೇ ಹುಡುಕಿ ಹುಡುಕಿ ಓದಿದ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಗಡಿಯಾರ ನೋಡಿದ. ಎರಡು ತಾಸೂ ಆಗಿರಲಿಲ್ಲ.

ಆಗ ಅವನಿಗೆ ಬಸ್ಸು ನೆನಪಾಯಿತು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು. ಪಂಡರಿಯ ಪಾಲು ನಲವತ್ತೆಂಟು ಪುಟ. ಹೋಗುವಾಗ ಇಪ್ಪತ್ತನಾಲ್ಕು, ಬರುವಾಗ ಇಪ್ಪತ್ತನಾಲ್ಕು. ಒಂದೇ ಒಂದು ಮಂಗಳವಾರ ಸಾಕಿತ್ತು. ಜನವರಿಯಿಂದ ಜುಲೈವರೆಗೆ ಇಪ್ಪತ್ತಾರು ಮಂಗಳವಾರ ಅವರ ಎಡಗಿವಿಯ ಪಕ್ಕದಲ್ಲೇ ಕೂತು ತಾನು ಮಾತಾಡಿದ್ದೇನು? ತೊಗರಿಯ ದರ, ರಾಜೇಶ್ವರದ ಹತ್ತಿರ ಕೆಟ್ಟ ರಸ್ತೆ, ದೊಡ್ಡವರ ತಾರೀಖು. ಯಂತ್ರಕ್ಕೆ ಬೀಗ ಹಾಕಿದ್ದಕ್ಕೆ ಕಮಿಟಿಯನ್ನು ಬೈದುಕೊಳ್ಳಬಹುದಿತ್ತು. ತನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲವಲ್ಲ.

ಮತ್ತೂ ಒಂದು ನೆನಪಾಗಿ ಅವನು ಪುಸ್ತಕ ಮುಚ್ಚಿ ಮುಖ ತಿಕ್ಕಿಕೊಂಡ. ಮಾರ್ಚಿನಲ್ಲೋ ಏನೋ, ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ಮಹಾರುದ್ರಪ್ಪನವರು ಸುಮ್ಮನೆ ಕೇಳಿದಂತೆ ಕೇಳಿದ್ದರು: "ನಿಮಗ ಬಸ್ಸಿನ್ಯಾಗ ಓದಾಕ ಆಕದೇನ್ರಿ ಗುರುಲಿಂಗಪ್ಪ? ತಲಿ ತಿರಗಂಗಿಲ್ಲ?" ಆಗಂಗಿಲ್ಲ ಯಾಕ್ರಿ, ದಿನಾ ಪೇಪರ್ ಓದ್ತೀನಲ್ಲ ಎಂದು ತಾನು ಹೆಮ್ಮೆಯಿಂದ ಹೇಳಿ, ಕಿಸೆಯಿಂದ ಪೇಪರು ತೆಗೆದು ಓದತೊಡಗಿದ್ದ. ಮನಸ್ಸಿನಲ್ಲೇ ಓದಿದ್ದ. ಜನ್ಮದಲ್ಲಿ ಯಾರನ್ನೂ ಏನೂ ಕೇಳದ ಮನುಷ್ಯ ಅಂದು ಅದಕ್ಕಿಂತ ಬಿಡಿಸಿ ಕೇಳಲಾರದೆ ಸುಮ್ಮನಾಗಿದ್ದರು. ಇದು ಹೊಳೆದಾಗ ಗುರುಲಿಂಗನಿಗೆ ಜಗದೇವಿಯ ಎದುರೇ ಅಳು ಬಂತು.

ಆ ಭಾನುವಾರ ಅವನು ಪುಸ್ತಕ ಹಿಡಿದು ಅವರ ಮನೆಗೆ ಹೋದ. ಅಂಗೈ ಹಿಡಿದು ಇಪ್ಪತ್ತೈದನೆಯ ಪುಟದ ಮೊದಲ ಸಾಲು ಬರೆಯಲು ಶುರು ಮಾಡಿದ. ಒತ್ತಕ್ಷರಗಳು ಅಂಗೈಯ ಗೆರೆಗಳಲ್ಲಿ ಕಲಸಿಹೋಗುತ್ತಿದ್ದವು. ಪ್ರತಿ ಪದವನ್ನೂ ಎರಡು ಮೂರು ಸಲ ಬರೆಯಬೇಕು. ನಾಲ್ಕು ಪದಕ್ಕೆ ಕಾಲು ತಾಸು ಹಿಡಿಯಿತು. ಮಹಾರುದ್ರಪ್ಪನವರ ಹಣೆಯಲ್ಲಿ ಬೆವರು. ಸಾಲು ಬಿಟ್ಟು, ಕಥೆಯನ್ನು ಚಿಕ್ಕದಾಗಿ ಹೇಳಿಬಿಡೋಣವೆಂದು ಗುರುಲಿಂಗ "ರುಕ್ಮವ್ವನ ಅಣ್ಣ" ಎಂದು ಬರೆಯುತ್ತಿದ್ದಂತೆ ಅವರು ಮೆಲ್ಲಗೆ ಬೆರಳು ಮಡಚಿ ಕೈ ಎಳೆದುಕೊಂಡರು.

"ಬ್ಯಾಡ್ರಿ," ಎಂದು ಕೂಗಿದರು. ಕೂಗಿನಲ್ಲೂ ಸಿಟ್ಟಿರಲಿಲ್ಲ. "ಹಿಂಗ ಚೂರುಚೂರು ಬ್ಯಾಡ. ನಾ ಮೊಳಿ ಜೋಡಿಸಿದ ಪುಸ್ತಕಾ ಎಲ್ಲಾ ಆಗಲೇ ನನ್ನ ತಲ್ಯಾಗ ಚೂರುಚೂರೇ ಅದಾವ. ಇದೊಂದರೆ ಪೂರಾ ಕೇಳಬೇಕಂತ ಇತ್ತು. ಹೋಗ್ಲಿ ಬಿಡ್ರಿ. ನೀವು ಓದೀರೇನ್ರಿ? ಛಲೋ ಅದ?"

ಗುರುಲಿಂಗ ಅವರ ಕೈ ಹಿಡಿದು ಒಮ್ಮೆ ಅದುಮಿದ. ಅದನ್ನು ಅವರು ಹೌದು ಎಂದು ತಿಳಿದುಕೊಂಡರು.

ಅಕ್ಟೋಬರಿನಲ್ಲಿ ದೊಡ್ಡವರಿಗೆ ಕೊನೆಗೂ ಪುರುಸೊತ್ತಾಯಿತು. ಪೆಂಡಾಲು, ಮೈಕು, ಹಾರ. ಸತೀಶಕುಮಾರರು ಫೋನು ಮಾಡಿ, ಕಣ್ಣು ಕಾಣದ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿ ಇರಬೇಕು, ವಾರವಾರ ಬಂದು ಮಷೀನಿನ ಬಗ್ಗೆ ವಿಚಾರಿಸುತ್ತಿದ್ದ ಆ ಮುದುಕರನ್ನೇ ಕರೆಸಿ ಎಂದರು. ಅವರಿಗೆ ಈಗ ಕಿವಿಯೂ ಕೇಳುವುದಿಲ್ಲ ಎಂದು ಗುರುಲಿಂಗ ಹೇಳಿದ. "ಫೋಟೋದಾಗ ಕಿವಿ ಕಾಣಂಗಿಲ್ಲ ಬಿಡ್ರಿ," ಎಂದು ಅವರು ಫೋನು ಇಟ್ಟರು.

ಇದನ್ನು ಹೇಳಿ, ಬರುವುದು ಬೇಡವೆನ್ನಲೆಂದೇ ಗುರುಲಿಂಗ ಜಯಮಾಲಾಳ ಮನೆಗೆ ಹೋಗಿದ್ದ. ಅವಳು ತಂದೆಯ ಅಂಗೈ ಮೇಲೆ ಬರೆದಳು. ಮಹಾರುದ್ರಪ್ಪನವರು "ಬರ್ತೀನಿ," ಎಂದರು. "ನಾ ಹೋಗಲಿಲ್ಲಂದ್ರ ಕಮಿಟಿಯವರು ಗುರುಲಿಂಗಪ್ಪಗ ಅಂತಾರ. ಅವರು ಯಾರ ಕಡಿಂದೂ ಒಂದ್ ಮಾತ ಅನ್ನಿಸಿಕೊಂಡವರಲ್ಲ."

ಉದ್ಘಾಟನೆಯ ದಿನ ದೊಡ್ಡವರು ರಿಬ್ಬನ್ ಕತ್ತರಿಸಿ, ಡಬ್ಬಿಯ ಟೇಪು ಹರಿದು, ಕಿವಿಗೆ ಹಾಕುವ ಹೆಡ್‌ಫೋನನ್ನು ತಮ್ಮ ಕೈಯಾರೆ ಮಹಾರುದ್ರಪ್ಪನವರ ತಲೆಗೆ ತೊಡಿಸಿದರು. ಗುರುಲಿಂಗ 'ಮಂಠಾಳದ ಸೊಸೆ'ಯ ಇಪ್ಪತ್ತೈದನೆಯ ಪುಟ ಬಿಚ್ಚಿ ಕ್ಯಾಮೆರಾದ ಕೆಳಗಿಟ್ಟ. ಕರೆಂಟಿನ ವೈರು ಜೋಡಿಸಿದ. ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲು ಬೆರಳು ಬಾಗಲಿಲ್ಲ. ಫೋಟೋದವರು ಮುತ್ತಿಕೊಂಡರು. ಯಾರೋ ಮೈಕನ್ನು ಮಹಾರುದ್ರಪ್ಪನವರ ಬಾಯಿಯ ಹತ್ತಿರ ಹಿಡಿದರು.

ಕಿವಿಯ ಮೇಲೆ ಕೂತ ಹೆಡ್‌ಫೋನನ್ನು ಅವರು ಎರಡೂ ಕೈಯಿಂದ ಮುಟ್ಟಿ ನೋಡಿದರು. ಸ್ವಲ್ಪ ಹೊತ್ತು ತಲೆ ಬಾಗಿಸಿ ಕೂತರು, ನಡುನಡುವೆ ಹೂಂಗುಟ್ಟಿದರು. ಆಮೇಲೆ ಮೈಕು ಸೀಳುವಂತೆ ಕೂಗಿ ಹೇಳಿದರು:

"ಭಾಳ ಛಲೋ ಓದಾಕತ್ತದ್ರಿ! ಒಂದೊಂದ ಅಕ್ಷರ ಬಿಡಿಸಿ ಓದಾಕತ್ತದ. ನಮ್ಮ ಗುರುಲಿಂಗಪ್ಪನವರಿಂದ ಇದು ಕೇಳಾಕ ಸಿಕ್ತು ನನಗ."

ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ತಟ್ಟಿತು. ದೊಡ್ಡವರು ಗುರುಲಿಂಗನ ಬೆನ್ನು ತಟ್ಟಿದರು. ಅವನು ಇನ್ನೂ ಗುಂಡಿ ಒತ್ತಿರಲಿಲ್ಲ.