ಪೆಟ್ಟಿಗೆಯ ಮೇಲಿನ ಹೆಸರು

ಜೀಪು ಇನ್ನೂ ನಿಂತಿರಲಿಲ್ಲ, ಬಸಗೊಂಡಪ್ಪ ಆಗಲೇ ಒಂದು ಕಾಲು ಕೆಳಗೆ ಇಳಿಬಿಟ್ಟಿದ್ದ.

"ಯಪ್ಪಾ, ನೀನೂ ಸತ್ತು ನನ್ನ ಮ್ಯಾಲ ಕೇಸ್ ಹಾಕಸ್ತಿಯೇನು? ತಡೀ ಸ್ವಲ್ಪ!" ಡ್ರೈವರ್ ಈರಯ್ಯ ಒದರಿದ.

"ಮಧ್ಯಾಹ್ನದ ನಮಾಜಿಗೆ ಲಾಡಲೇಸಾಬನ್ನ ಎತ್ತತಾರಂತೋ ಈರಯ್ಯ. ಮುಖ ನೋಡಾಕ ಸಿಗತದೋ ಇಲ್ಲೋ."

"ಬಬಲೇಶ್ವರ ಬಿಟ್ಟಾಗಿಂದ ಇದನ್ನ ಹತ್ತು ಸಲ ಅಂದಿ. ಹದಿನೈದು ಮೈಲು ದೂರದಾಗ ಇದ್ದವನ ಮುಖಾ ಒಂಬತ್ತು ವರ್ಷ ನೋಡಲಿಲ್ಲ. ಈಗ ಹತ್ತು ನಿಮಿಷಕ್ಕ ಜೀವಾ ಬಿಡಾಕತ್ತೀ."

ಬಸಗೊಂಡಪ್ಪ ಜೀಪಿನಿಂದ ಇಳಿದ. ಧೋತರದ ಚುಂಗು ಎತ್ತಿ ಹಿಡಿದುಕೊಂಡು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ದಾಪುಗಾಲು ಹಾಕಿದ. ಹಿಂದೆ ನಾಟಕ ಕಂಪನಿಯ ತಗಡಿನ ಥೇಟರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಟ್ಟಿಗೆ ಅಡ್ಡೆ ಇತ್ತು. ಅದರ ಬದಿಯ ಓಣಿಯಲ್ಲಿ ಮೂರನೇ ಮನೆ ಲಾಡಲೇಸಾಬನದು. ಕಾಲಿಗೆ ದಾರಿ ಮರೆತಿರಲಿಲ್ಲ.

ಅಂಗಳ ತುಂಬ ಗಂಡಸರು ಕೂತಿದ್ದರು. ಲಾಡಲೇಸಾಬನ ತಮ್ಮ ಕಾಸಿಮಸಾಬ ಎದ್ದು ಬಂದ. ಒಂದು ಕಾಲಕ್ಕೆ ಬಸಗೊಂಡಪ್ಪ, ಲಾಡಲೇಸಾಬ ಇಬ್ಬರೂ ಸೇರಿ ಬರೆದ ನಾಟಕದ ಬೋರ್ಡುಗಳನ್ನು ತನ್ನ ಟಾಂಗಾಕ್ಕೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದವನು ಅವನೇ.

"ಬಂದೀ ಬಸಣ್ಣ? ತಡಾ ಮಾಡಿಬಿಟ್ಟಿ."

ಆ ತಡ ಇವತ್ತಿನದೋ, ಒಂಬತ್ತು ವರ್ಷದ್ದೋ, ಬಸಗೊಂಡಪ್ಪನಿಗೆ ತಿಳಿಯಲಿಲ್ಲ.

"ಒಮ್ಮೆ ಮುಖಾ ನೋಡತೇನಿ ಕಾಸಿಮ."

"ಕಫನ್ ಕಟ್ಟಿ ಆಗೇತಿ..." ಎಂದವನು ಬಸಗೊಂಡಪ್ಪನ ಕಣ್ಣು ನೋಡಿ ಬಾಗಿಲ ಕಡೆ ತಿರುಗಿದ. ಒಳಗೆ ಕರೆದೊಯ್ದು ತಲೆಯ ಕಡೆಯ ಗಂಟು ಸಡಿಲಿಸಿ ಬಿಳಿ ಬಟ್ಟೆ ಸರಿಸಿದ.

ಗಡ್ಡ ಬೆಳ್ಳಗಾಗಿತ್ತು. ಹುಬ್ಬಿನ ನಡುವಿನ ಗೆರೆ ಮಾತ್ರ ಹಾಗೇ ಇತ್ತು, ಬೋರ್ಡಿನಿಂದ ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡುವಾಗ ಬೀಳುತ್ತಿದ್ದ ಗೆರೆ. ಎಷ್ಟೋ ರಾಜರ, ರಾಣಿಯರ, ಖಳನಾಯಕರ ಮುಖ ಬರೆದ ಮನುಷ್ಯ. ಅವನ ಮುಖ ಬರೆದವರು ಯಾರೂ ಇರಲಿಲ್ಲ. ಬಸಗೊಂಡಪ್ಪನಿಗೆ ಬರುತ್ತಿದ್ದದ್ದು ಅಕ್ಷರ ಮಾತ್ರ.

"ಮೈ ತೊಳಿಯೂ ಮುಂದ ಭಾಳ ತ್ರಾಸ ಆತು," ಕಾಸಿಮಸಾಬ ಮೆಲ್ಲಗೆ ಹೇಳಿದ. "ಉಗುರಿಗೆ ಬಣ್ಣ ಮೆತ್ತಿತ್ತು. ಬಣ್ಣ ಇದ್ರ ನೀರು ಮೈಗೆ ಮುಟ್ಟೂದಿಲ್ಲ ನೋಡು. ಚಿಮಣಿ ಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ತಗದ್ವಿ. ಕೆಂಪು, ಹಸೀ ಕೆಂಪು. ಬ್ರಷ್ ಬಿಟ್ಟು ಎರಡು ವರ್ಷಾತು, ಎಲ್ಲಿಂದ ಹತ್ತಿಸಿಕೊಂಡಿದ್ದನೋ!"

*

ಅವರ ಕೆಲಸದ ರೀತಿ ಹೀಗಿತ್ತು. ಮುಖ ಲಾಡಲೇಸಾಬನದು, ಅಕ್ಷರ ಬಸಗೊಂಡಪ್ಪನದು. ಲಾಡಲೇಸಾಬ ಶಾಲೆಯ ಮುಖ ಕಂಡವನಲ್ಲ. ಕಂಪನಿಗೆ ಹೊಸ ಆಟ ಬಂದರೆ ಮೊದಲ ದಿನ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ. ಮರುದಿನ ಬೋರ್ಡಿನ ಮೇಲೆ ಸೀಮೆಸುಣ್ಣದ ಚೌಕ ಎಳೆದು, ನಾಯಕಿಯ ಮುಖ ಎಬ್ಬಿಸುತ್ತಿದ್ದ. ಕೆಳಗೆ ಮೂರು ಗೇಣು ಜಾಗ ಖಾಲಿ ಬಿಟ್ಟು, "ಇನ್ನ ಮಾತಾಡಸಪಾ ಇಕೀನ," ಅನ್ನುತ್ತಿದ್ದ. ಬಸಗೊಂಡಪ್ಪ ಆಟದ ಹೆಸರು ಬರೆಯುತ್ತಿದ್ದ.

ಮೊದಲ ಬೋರ್ಡಿನ ಮೂಲೆಯಲ್ಲಿ ಜಾಗ ಕಡಿಮೆ ಇತ್ತು. ಬಸಗೊಂಡಪ್ಪ ತನ್ನ ಹೆಸರನ್ನಷ್ಟೇ ಬರೆದ: 'ಬಸಗೊಂಡಪ್ಪ ಪೇಂಟರ್, ಬಬಲೇಶ್ವರ'. ಮುಂದಿನ ಬೋರ್ಡಿಗೆ ಇಬ್ಬರದೂ ಹಾಕಿದರಾಯಿತು ಅಂದುಕೊಂಡಿದ್ದ. ಅಷ್ಟರಲ್ಲಿ ಲಾಡಲೇಸಾಬ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಇದರಾಗ ನಂದು ಯಾವುದು?"

ಬಸಗೊಂಡಪ್ಪನ ಬೆರಳು ತಾನಾಗಿಯೇ ಕೊನೆಯ ಪದದ ಮೇಲೆ ಹೋಯಿತು. "ಇದು."

"ಅರೇ! ಚಂದ ಐತಲ್ಲೋ ನನ್ನ ಹೆಸರು! ದುಂಡಗ ದುಂಡಗ, ಬೂಂದಿ ಉಂಡಿ ಇಟ್ಟಂಗ!"

ಆ ನಗು ನೋಡಿದ ಮೇಲೆ ಅಲ್ಲವೆನ್ನಲು ಬಸಗೊಂಡಪ್ಪನಿಗೆ ಬಾಯಿ ಬರಲಿಲ್ಲ. ಒಂದು ಸಲ ಆಡಿದ ಸುಳ್ಳಿಗೆ ಆರು ವರ್ಷ ಬಣ್ಣ ಹಚ್ಚಿದ. ಲಾಡಲೇಸಾಬ ಆ ಪದವನ್ನು ಚಿತ್ರದಂತೆ ನೋಡಿ ನೋಡಿ ಕಲಿತು, ತನ್ನ ಬಣ್ಣದ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದುಕೊಂಡ.

ತಿಕೋಟಾದ ಬಸ್ ನಿಲ್ದಾಣದ ಎದುರು ಬೋರ್ಡು ಕಟ್ಟುತ್ತಿದ್ದ ದಿನ ಅದು ಹೊರಬಿತ್ತು. ಒಬ್ಬ ಸಾಲಿ ಮಾಸ್ತರು ನಿಂತು, ಗಟ್ಟಿಯಾಗಿ ಓದಿ, ಲಾಡಲೇಸಾಬನ ಕಡೆ ತಿರುಗಿದರು. "ಜೀವಂತ ಮುಖಾ ಬರದೀರಿ ನೋಡ್ರಿ ಬಸಗೊಂಡಪ್ಪನವರ."

"ನಾ ಲಾಡಲೇಸಾಬ್ರಿ. ನನ್ನ ಹೆಸರು ಇಲ್ಲೇ ಐತಲ್ರಿ, ನೋಡ್ರಿ, ಈ ಕಡೀದು."

ಮಾಸ್ತರು ನಕ್ಕರು. "ಅದು ಊರಿನ ಹೆಸರೋ ಮಾರಾಯ, ಬಬಲೇಶ್ವರ! ನಿನ್ನ ಹೆಸರು ಎಲ್ಲೂ ಇಲ್ಲ."

ಬೋರ್ಡಿನ ಹಿಂದೆ ಹಗ್ಗ ಬಿಗಿಯುತ್ತಿದ್ದ ಬಸಗೊಂಡಪ್ಪನ ಕೈ ಅಲ್ಲೇ ನಿಂತಿತು. ಲಾಡಲೇಸಾಬ ಸುತ್ತು ಹಾಕಿ ಬಂದು ನೋಡಿದ. ಬೈಯಲಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದು ಗಂಟು ಹಾಕಿದ. ಟಾಂಗಾ ವಿಜಾಪುರ ಮುಟ್ಟಿತು. ಇಳಿಯುವಾಗ ಇಷ್ಟೇ ಅಂದ: "ನಿನ್ನ ಹೆಸರೊಂದ ಇರಲಿ ಅಂತ ಹೇಳಿದ್ರ ಹೂಂ ಅಂತಿದ್ನಲ್ಲೋ ಬಸ್ಯಾ."

ಬೈದಿದ್ದರೆ ಬಸಗೊಂಡಪ್ಪ ಮರುದಿನ ಕೆಲಸಕ್ಕೆ ಹೋಗುತ್ತಿದ್ದನೇನೋ. ಹೋಗಲಿಲ್ಲ. ಬಬಲೇಶ್ವರದಲ್ಲೇ ಅಂಗಡಿಗಳ ಹೆಸರಿನ ಪಾಟಿ ಬರೆಯುತ್ತಾ ಉಳಿದ. ಸಂತೆಯ ದಿನ ವಿಜಾಪುರದ ಬಸ್ಸು ಬಂದರೆ ಮಾತ್ರ ಬ್ರಷ್ ಕೆಳಗಿಟ್ಟು, ಇಳಿಯುವವರನ್ನು ಕೊನೆಯವರೆಗೂ ನೋಡುತ್ತಿದ್ದ. ತಾನು ಆ ಬಸ್ಸು ಹತ್ತಲಿಲ್ಲ.

*

ಕಫನಿನ ಗಂಟು ಮತ್ತೆ ಬಿಗಿದರು. ಬಸಗೊಂಡಪ್ಪ ಹೊರಗೆ ಬಂದ. ಕಟ್ಟೆಯ ಮೇಲಿದ್ದ ಪೆಟ್ಟಿಗೆಯ ಮೇಲೆ ಕೂರಲು ಬಗ್ಗಿದ.

"ಕಾಕಾ, ಅದರ ಮ್ಯಾಲ ಕುಂದರಬ್ಯಾಡ್ರಿ! ಬಣ್ಣ ಹಸೀ ಐತಿ."

ಬಾಗಿಲಲ್ಲಿ ನಿಂತಿದ್ದವಳು ಲಾಡಲೇಸಾಬನ ಮಗಳು ಸಬೀರಾ. ಬಸಗೊಂಡಪ್ಪ ಕೊನೆಯ ಸಲ ನೋಡಿದಾಗ ತೊಟ್ಟಿಲಲ್ಲಿದ್ದ ಕೂಸು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು.

ಬಸಗೊಂಡಪ್ಪ ಕೆಳಗೆ ನೋಡಿದ. ಹಳೆಯ ಬಣ್ಣದ ಪೆಟ್ಟಿಗೆ. ಮುಚ್ಚಳದ ಮೇಲೆ ದುಂಡಗಿನ ಕೆಂಪು ಅಕ್ಷರಗಳು ಹೊಸದಾಗಿ ಹೊಳೆಯುತ್ತಿದ್ದವು: ಬಬಲೇಶ್ವರ.

"ಇದನ್ನ... ಯಾವಾಗ ಬರದಾ?"

"ನಿನ್ನೆ ಸಂಜೀಕ್ರಿ. ವರ್ಷಾ ರಮಜಾನ್ ಬರೂ ಮುಂದ ಅದರ ಮ್ಯಾಲ ಮತ್ತ ತಿದ್ದತಾರ. ನಾ ಓದಾಕ ಕಲತಾಗ ಹೇಳಿದ್ದೆ, ಅಬ್ಬಾ, ಇದು ನಿಮ್ಮ ಹೆಸರಲ್ಲ, ಊರಿನ ಹೆಸರು ಅಂತ. 'ಗೊತ್ತೈತಿ ಬೇ' ಅಂದ್ರು. ಅಳಿಸಿ ನಿಮ್ಮ ಹೆಸರು ಬರೀಲೇನು ಅಂದ್ರ, 'ಬ್ಯಾಡ, ನನಗ ಬರಿಯಾಕ ಬರೂದು ಇದೊಂದ' ಅಂದ್ರು."

ಪರದೆಯ ಹಿಂದಿನಿಂದ ಲಾಡಲೇಸಾಬನ ಹೆಂಡತಿ ಹುಸೇನಬಿಯ ದನಿ ಕೇಳಿತು. "ಬಬಲೇಶ್ವರದ ಬಸ್ಸಿನ ಹೊತ್ತಿಗೆ ಕಟ್ಟಿ ಮ್ಯಾಲ ಬಂದು ಕುಂದರತಿದ್ರು. ಯಾರ ಬರೂವ್ರದಾರ ಅಂತ ಕೇಳಿದ್ರ, ಗಾಳಿಗೆ ಕುಂತೇನಿ ಅಂತಿದ್ರು."



"ನೀವು ಯಾವೂರವ್ರು ಕಾಕಾ?" ಸಬೀರಾ ಕೇಳಿದಳು.

ಬಸಗೊಂಡಪ್ಪ ಪೆಟ್ಟಿಗೆಯ ಕಡೆ ಬಗ್ಗಿದ. ಅಂದಿನಂತೆಯೇ ಬೆರಳು ಆ ಪದದ ಮೇಲೆ ಹೋಯಿತು. ಎತ್ತಿದಾಗ ಬೆರಳ ತುದಿ ಕೆಂಪಾಗಿತ್ತು.

*

ಖಬರಸ್ತಾನದಲ್ಲಿ ನಮಾಜು ಶುರುವಾಗುವ ಮುಂಚೆ ಕಾಸಿಮಸಾಬ ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಅಣ್ಣನಿಂದ ಯಾರಿಗರೆ ನೋವಾಗಿದ್ರ ದೇವರ ಹೆಸರಿನ ಮ್ಯಾಲ ಮಾಫ್ ಮಾಡ್ರಿ."

"ಮಾಫ್ ಮಾಡೇವಿ, ಮಾಫ್ ಮಾಡೇವಿ," ಸಾಲಿನ ತುಂಬ ದನಿ ಎದ್ದವು.

ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ ಬಸಗೊಂಡಪ್ಪನ ತುಟಿ ಅಲುಗಿದವು. ಸತ್ತವನ ಪರವಾಗಿ ಕೇಳುವವರಿದ್ದರು. ಸತ್ತವನನ್ನೇ ಮಾಫಿ ಕೇಳಬೇಕಾದವನು ಏನೆನ್ನಬೇಕು ಅನ್ನುವುದನ್ನು ಯಾರೂ ಹೇಳಿಕೊಡಲಿಲ್ಲ.

ಮಣ್ಣು ಹಾಕುವಾಗ ಕಾಸಿಮಸಾಬ ಕೈ ಹಿಡಿದು ಅವನನ್ನು ಮುಂದೆ ತಂದ. "ಮೂರು ಹಿಡಿ ಹಾಕು ಬಸಣ್ಣ."

ಬಸಗೊಂಡಪ್ಪ ಬಗ್ಗಿ ಒಂದು ಹಿಡಿ ಹಾಕಿದ. ಎರಡು. ಮೂರು. ಎಲ್ಲರೂ ಕೈ ಜಾಡಿಸಿಕೊಂಡು ನೀರಿನ ಕೊಡದ ಕಡೆ ನಡೆದರು.

"ಬಾ, ಕೈ ತೊಳಕೋ," ಕಾಸಿಮಸಾಬ ಕರೆದ.

ಬಸಗೊಂಡಪ್ಪ ಅಂಗೈ ಬಿಡಿಸಿ ನೋಡಿದ. ಮಣ್ಣೆಲ್ಲ ಉದುರಿಹೋಗಿತ್ತು. ಬೆರಳ ತುದಿಯ ಹಸಿ ಕೆಂಪಿಗೆ ಮಾತ್ರ ಒಂದು ಚಿಟಿಕೆ ಅಂಟಿಕೊಂಡು ಉಳಿದಿತ್ತು. ಅವನು ಆ ಬೆರಳನ್ನು ಮಡಚಿ, ಮುಷ್ಟಿ ಕಟ್ಟಿ, ಜೀಪಿನ ಕಡೆ ನಡೆದ.